ತುಮಕೂರು: 12-15 ಅಡಿ ಹಾಲ್‌ಗೆ ಯಾವ ಸಬ್‌ವೂಫರ್? ಹಳೇ ಸೆಟ್‌ನದ್ದು ನಡೆಯುತ್ತಾ?

ಕ್ಯಾತ್ಸಂದ್ರದವ:
ಎಲ್ಲರಿಗೂ ನಮಸ್ಕಾರ. ಸಿನಿಮಾ ನೋಡಲು ಸಬ್‌ವೂಫರ್ (ಬರೀ ಬಾಸ್, ಅಂದರೆ ಕೆಳಗಿನ ಸ್ವರ ಕೊಡುವ ಸ್ಪೀಕರ್) ಬೇಕು, ಅದರ ವಿಷಯದಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿ ತಲೆ ಕೆಟ್ಟಿದೆ. ಸ್ವಲ್ಪ ದಾರಿ ತೋರಿಸಿ.

ಮನೆ ಕ್ಯಾತ್ಸಂದ್ರದಲ್ಲಿ, ಬಾಡಿಗೆ, ಮೊದಲ ಮಹಡಿ. ಕೆಳಗೆ ಓನರ್ ಇದ್ದಾರೆ. ಹಾಲ್ 12 ಅಡಿ ಅಗಲ, 15 ಅಡಿ ಉದ್ದ. ಒಂದು ಕಡೆ ಗೋಡೆ ಅರ್ಧಕ್ಕೇ ನಿಂತು ಊಟದ ಜಾಗಕ್ಕೆ ತೆರೆದುಕೊಂಡಿದೆ. ಡೆನಾನ್ ಕಂಪನಿಯ 5.1 ರಿಸೀವರ್ (ಐದು ಸ್ಪೀಕರ್, ಒಂದು ಸಬ್‌ಗೆ ಸದ್ದು ಹಂಚುವ ಆಂಪ್ಲಿಫೈಯರ್ ಪೆಟ್ಟಿಗೆ) ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಮುಂದೆ 5 ಇಂಚಿನ ಎರಡು ಬುಕ್‌ಶೆಲ್ಫ್ ಸ್ಪೀಕರ್, ಒಂದು ಸೆಂಟರ್, ಹಿಂದೆ ಎರಡು ಪುಟ್ಟ ಸ್ಪೀಕರ್. ಇದರ ಜೊತೆಗೆ ಹಳೇ ಹೋಮ್ ಥಿಯೇಟರ್ ಸೆಟ್‌ನ ಸಬ್‌ವೂಫರ್ ಸುಮ್ನೆ ಬಿದ್ದಿದೆ. ಅದರಿಂದ ಎರಡು ವೈರ್ ಹೊರಗೆ ಬರುತ್ತದೆ, ಅಷ್ಟೇ. ರಿಸೀವರ್ ಹಿಂದೆ ಮಾತ್ರ ಆರ್‌ಸಿಎ ಪಿನ್ ಚುಚ್ಚುವ ಒಂದೇ ಒಂದು ಸಾಕೆಟ್ ಇದೆ. ಆ ವೈರ್‌ಗೆ ಆರ್‌ಸಿಎ ಪಿನ್ ಹಾಕಿಸಿದರೆ ಕೆಲಸ ಮಾಡುತ್ತಾ?

ಆಗಲ್ಲ ಅಂದರೆ ಹೊಸದಕ್ಕೆ 25 ಸಾವಿರದವರೆಗೆ ಹಾಕಬಹುದು. 10 ಇಂಚಾ, 12 ಇಂಚಾ? ಮನೆಯಲ್ಲಿ ಒಂದೇ ಷರತ್ತು: ದೇವರ ಮನೆ ಬಾಗಿಲಿಗೆ ಅಡ್ಡ ಬರಬಾರದು.

ಅಶೋಕ ರಸ್ತೆ ಸೋಲ್ಡರ್:
ಸರ್, ಪಿನ್ ಹಾಕಿಸಬೇಡಿ. ಮೊದಲು ಒಂದು ನೋಡಿ. ಹಳೇ ಸಬ್‌ಗೆ ಕರೆಂಟ್ ಪ್ಲಗ್ ಇದೆಯಾ? ನೀವು ಹೇಳಿದ ಪ್ರಕಾರ ಇಲ್ಲ. ಅಂದರೆ ಅದು ಪ್ಯಾಸಿವ್. ಒಳಗೆ ಒಂದು ಸ್ಪೀಕರ್, ಸುತ್ತ ಒಂದು ಡಬ್ಬಿ, ಅಷ್ಟೇ. ಅದನ್ನು ಓಡಿಸುವ ಆಂಪ್ಲಿಫೈಯರ್ ಹಳೇ ಸೆಟ್‌ನ ಮುಖ್ಯ ಪೆಟ್ಟಿಗೆಯಲ್ಲಿತ್ತು.

ರಿಸೀವರ್‌ನ ಸಬ್ ಸಾಕೆಟ್‌ನಲ್ಲಿ ಬರುವುದು ಬರೀ ಸಿಗ್ನಲ್. ಒಂದೆರಡು ವೋಲ್ಟ್ ಇರಬಹುದು. ಅದಕ್ಕೆ ಸ್ಪೀಕರ್ ತಳ್ಳುವ ಶಕ್ತಿ ಇಲ್ಲ. ಪಿನ್ ಹಾಕಿದರೆ ಏನೂ ಸುಡುವುದಿಲ್ಲ ಅನ್ನಿ, ಆದರೆ ಸದ್ದೂ ಬರುವುದಿಲ್ಲ.

ಇನ್ನೊಂದು ಐಡಿಯಾ ಯಾರಾದರೂ ಹೇಳಿಯೇ ಹೇಳುತ್ತಾರೆ: ಫ್ರಂಟ್ ಸ್ಪೀಕರ್ ಟರ್ಮಿನಲ್‌ಗೆ ಇದನ್ನೂ ಸೇರಿಸಿ ಅಂತ. ಬೇಡ. ಆ ಸೆಟ್‌ಗಳ ಸಬ್ ಎಷ್ಟೋ ಸಲ 3 ಓಮ್, 4 ಓಮ್ ಇರುತ್ತದೆ, ಓಮ್ ಕಡಿಮೆಯಾದಷ್ಟೂ ಕರೆಂಟ್ ಹೆಚ್ಚು ಎಳೆಯುತ್ತದೆ. ಇರುವ ಸ್ಪೀಕರ್ ಜೊತೆ ಅದನ್ನೂ ಕಟ್ಟಿದರೆ ರಿಸೀವರ್ ಬಿಸಿಯಾಗಿ ಪ್ರೊಟೆಕ್ಷನ್‌ಗೆ ಹೋಗುತ್ತದೆ, ಅಂದರೆ ತಾನಾಗಿ ಆಫ್ ಆಗುತ್ತದೆ. ಪ್ಲೇಟ್ ಆಂಪ್ಲಿಫೈಯರ್ ತಂದು ಹಿಂದೆ ಕೂರಿಸಬಹುದು. ಆದರೆ ಆ ದುಡ್ಡು ಈ ಡಬ್ಬಿಗೆ ದಂಡ. ನಾನು ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು, ನಾನೇ ಬೇಡ ಅಂತಿದ್ದೇನೆ ಅಂದ್ರೆ ನಂಬಿ.

ಶಿರಾ ಗೇಟ್:
ನಮ್ಮ ಬೀದಿಯಲ್ಲಿ ಒಬ್ಬರ ಹತ್ತಿರ 5000 ವ್ಯಾಟ್ ಪಿಎಂಪಿಓ ಸೆಟ್ ಇದೆ. ಪ್ಲಗ್ ಮೇಲೆ ಬರೆದಿರೋದು 60 ವ್ಯಾಟ್. ಉಳಿದ 4940 ವ್ಯಾಟ್ ಬೆಸ್ಕಾಂಗೆ ಗೊತ್ತಾಗದ ಹಾಗೆ ಬರುತ್ತೆ ಅಂತ ಕಾಣುತ್ತೆ 😄

ಬಟವಾಡಿ ಬಾಸ್:
ಶಿರಾ ಗೇಟ್ ಅವರೇ, ಲೆಕ್ಕ ಸರಿಯಾಗೇ ಇದೆ. ಪಿಎಂಪಿಓ, ಅಂದರೆ ಜಾಹೀರಾತಿಗೆ ಉಬ್ಬಿಸಿದ ವ್ಯಾಟ್ ನಂಬರ್ ಕಂಡರೆ ಮುಂದಿನ ಅಂಗಡಿಗೆ ಹೋಗುವುದೇ ಒಳ್ಳೆಯದು. ನೋಡಬೇಕಾದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಸತತವಾಗಿ ಕೊಡುವ ನಿಜವಾದ ಶಕ್ತಿ. ಅದರಲ್ಲೂ ತುಂಬಾ ತಲೆ ಕೆಡಿಸಿಕೊಳ್ಳಬೇಡಿ. ವ್ಯಾಟ್ ಎರಡರಷ್ಟಾದರೆ ಸದ್ದು ಹೆಚ್ಚುವುದು 3 ಡೆಸಿಬಲ್ ಮಾತ್ರ. 150ಕ್ಕೂ 200ಕ್ಕೂ ಕಿವಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ.

ಕ್ಯಾತ್ಸಂದ್ರ ಸರ್, ಯಾವ ಸಬ್ ತಂದರೂ ಕನೆಕ್ಷನ್ ಒಂದೇ. ಅದನ್ನು ಮೊದಲು ಹೇಳಿಬಿಡುತ್ತೇನೆ. ಯಾಕೆಂದರೆ ಸಬ್ ಸರಿ ಇಲ್ಲ ಅಂತ ಮಾರುವವರಲ್ಲಿ ಅರ್ಧ ಜನರದ್ದು ಸೆಟ್ಟಿಂಗ್ ಸರಿ ಇರುವುದಿಲ್ಲ.

ರಿಸೀವರ್‌ನ ಸಬ್ ಪ್ರೀ-ಔಟ್‌ನಿಂದ (ನೀವು ಹೇಳಿದ ಆ ಒಂದೇ ಸಾಕೆಟ್) ಒಂದೇ ಆರ್‌ಸಿಎ ಕೇಬಲ್. ಸಬ್ ಹಿಂದೆ ಎಲ್ ಮತ್ತು ಆರ್ ಅಂತ ಎರಡು ಸಾಕೆಟ್ ಇದ್ದರೆ, ಎಲ್‌ಎಫ್‌ಇ (ಸಿನಿಮಾದಲ್ಲಿ ಬಾಸ್‌ಗೆಂದೇ ಇರುವ ‘.1’ ಚಾನೆಲ್) ಅಂತ ಬರೆದಿರುವುದಕ್ಕೆ ಹಾಕಿ. ಎರಡೂ ತುಂಬಬೇಕು ಅಂತ ವೈ-ಕೇಬಲ್ ಮಾರಲು ನೋಡುತ್ತಾರೆ, ಅಗತ್ಯ ಇಲ್ಲ. ಸ್ಪೀಕರ್ ವೈರ್ ಹಾಕುವ ಟರ್ಮಿನಲ್‌ಗಳೂ ಸಬ್‌ನ ಹಿಂದೆ ಇರಬಹುದು. ಅವು ಸಬ್ ಔಟ್‌ಪುಟ್ ಇಲ್ಲದ ಹಳೇ ಸ್ಟೀರಿಯೋ ಆಂಪ್ಲಿಫೈಯರ್ ಇರುವವರಿಗೆ. ನೀವು ಅವನ್ನು ಮರೆತುಬಿಡಿ.

ಈಗ ಸಬ್‌ನ ಹಿಂದಿನ ಗುಂಡಿಗಳು. ಕ್ರಾಸ್‌ಓವರ್ (ಎಷ್ಟು ಹರ್ಟ್ಸ್‌ಗಿಂತ ಕೆಳಗಿನ ಸ್ವರ ಸಬ್‌ಗೆ ಅಂತ ಕತ್ತರಿಸುವುದು) ಗುಂಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿ. ಇಲ್ಲಾಂದ್ರೆ ಎಲ್‌ಎಫ್‌ಇ ಅಥವಾ ಬೈಪಾಸ್ ಸ್ವಿಚ್ ಇದ್ದರೆ ಅದಕ್ಕೆ ಹಾಕಿ. ಎಲ್ಲಿ ಕತ್ತರಿಸಬೇಕು ಅಂತ ರಿಸೀವರ್ ಆಗಲೇ ನಿರ್ಧರಿಸಿರುತ್ತದೆ. ಸಬ್ ಕೂಡ ಇನ್ನೊಂದು ಸಲ ಕತ್ತರಿಸಿದರೆ ನಡುವೆ ಒಂದಷ್ಟು ಸ್ವರ ಯಾರ ಪಾಲಿಗೂ ಬರದೆ ಹೋಗುತ್ತದೆ. ವಾಲ್ಯೂಮ್ ಗುಂಡಿ ನಡುಮಧ್ಯ. ಫೇಸ್ (ಸಬ್‌ನ ಸದ್ದನ್ನು ಉಳಿದ ಸ್ಪೀಕರ್‌ಗಳ ಜೊತೆ ಹೊಂದಿಸುವ ಗುಂಡಿ) ಸದ್ಯಕ್ಕೆ 0.

ರಿಸೀವರ್ ಮೆನುವಿನಲ್ಲಿ ಎಲ್ಲ ಸ್ಪೀಕರ್‌ಗಳನ್ನೂ ಸ್ಮಾಲ್ ಅಂತ ಹಾಕಿ. ಇದು ಮುಖ್ಯ. ಸ್ಮಾಲ್ ಅಂದರೆ ಅವಮಾನ ಅಲ್ಲ, ಕೆಳಗಿನ ಸ್ವರದ ಕೆಲಸ ಸಬ್‌ಗೆ ಕೊಡು ಅಂತ ಅರ್ಥ. ಡೆನಾನ್‌ನಲ್ಲಿ ಆಟೋ ಸೆಟಪ್ (ಮೈಕ್ ಇಟ್ಟು ರಿಸೀವರ್ ತಾನೇ ಅಳೆಯುವುದು) ಓಡಿಸಿದ ಮೇಲೆ ಅದು ಕೆಲವೊಮ್ಮೆ ಫ್ರಂಟ್ ಸ್ಪೀಕರ್‌ಗಳನ್ನು ಲಾರ್ಜ್ ಅಂದುಬಿಡುತ್ತದೆ. ಕೈಯಿಂದ ಬದಲಾಯಿಸಿ. ಮುಂದಿನ ಮೂರಕ್ಕೆ 80 ಹರ್ಟ್ಸ್, ಹಿಂದಿನ ಪುಟ್ಟವಕ್ಕೆ 120. ಎಲ್‌ಎಫ್‌ಇ ಲೋ ಪಾಸ್ ಫಿಲ್ಟರ್ ಅಂತ ಬೇರೆ ಸಾಲು ಇರುತ್ತದೆ, ಅದು 120ರಲ್ಲೇ ಇರಲಿ. ಸಿನಿಮಾದ ‘.1’ ಚಾನೆಲ್‌ನಲ್ಲಿ 120ರವರೆಗೆ ಸದ್ದು ಇರಬಹುದು, ಅದನ್ನು 80ಕ್ಕೆ ಇಳಿಸಿದರೆ ಸುಮ್ನೆ ನಷ್ಟ.

80 ಎಲ್ಲಿಂದ ಬಂತು ಅಂದರೆ, ಅದು ಸಿನಿಮಾ ಸದ್ದಿನ ಗುಣಮಟ್ಟಕ್ಕೆ ಸರ್ಟಿಫಿಕೇಟ್ ಕೊಡುವ ಟಿಎಚ್‌ಎಕ್ಸ್‌ನವರು ಮನೆ ಥಿಯೇಟರ್‌ಗೆ ಇಟ್ಟ ಅಳತೆ. ಅದಕ್ಕಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬರುತ್ತಿದೆ ಅಂತ ಕಿವಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಸಬ್ ಟೀವಿ ಪಕ್ಕದಲ್ಲೇ ಇರಬೇಕು ಅಂತಿಲ್ಲ. ಕ್ರಾಸ್‌ಓವರ್ 150ಕ್ಕೆ ಏರಿಸಿದರೆ ಮಾತ್ರ ಹೀರೋನ ದನಿ ಮೂಲೆಯ ಡಬ್ಬಿಯಿಂದ ಬಂದ ಹಾಗೆ ಆಗುತ್ತದೆ, ಯಾಕೆಂದರೆ ಗಂಡಸರ ದನಿ ಆ ಜಾಗದಲ್ಲೇ ಓಡಾಡುತ್ತದೆ.

ಬಂಗಾರಪೇಟೆ ಎಕ್ಸ್‌ಪ್ರೆಸ್:
ಕನೆಕ್ಷನ್ ಬಗ್ಗೆ ನನ್ನದೇನೂ ತಕರಾರಿಲ್ಲ. ಸೈಜ್ ಬಗ್ಗೆ ನೇರವಾಗಿ ಹೇಳ್ತೀನಿ: 12 ಇಂಚು, ಪೋರ್ಟೆಡ್ (ಡಬ್ಬಿಗೆ ಗಾಳಿ ತೂತು ಇರುವುದು). ಯೋಚನೆಯೇ ಬೇಡ.

40 ಹರ್ಟ್ಸ್‌ನಲ್ಲಿ ಬರುವಷ್ಟೇ ಜೋರು 20ರಲ್ಲೂ ಬರಬೇಕಾದರೆ ನಾಲ್ಕು ಪಟ್ಟು ಗಾಳಿ ತಳ್ಳಬೇಕು. ಪುಟ್ಟ ಕೋನ್ ಅಷ್ಟು ಗಾಳಿ ಎಲ್ಲಿಂದ ತರುತ್ತದೆ? 10ಕ್ಕಿಂತ 12 ಇಂಚಿನ ಕೋನ್ ವಿಸ್ತೀರ್ಣದಲ್ಲಿ 44 ಪರ್ಸೆಂಟ್ ಜಾಸ್ತಿ. ಮೇಲೆ ನಿಮ್ಮ ಹಾಲ್ ಊಟದ ಜಾಗಕ್ಕೆ ತೆರೆದಿದೆ. ಸಬ್ ಪಾಲಿಗೆ ಅದೆಲ್ಲಾ ಸೇರಿ ಒಂದೇ ರೂಮ್.

ನಂದಿ ತಪ್ಪಲು:
ಎಕ್ಸ್‌ಪ್ರೆಸ್ ಅಣ್ಣ ಯಾವಾಗಲೂ ಇದನ್ನೇ ಹೇಳೋದು. ಬಾಡಿಗೆ ಮನೆ, ಕೆಳಗೆ ಓನರ್ ಅಂತ ಬರೆದಿದ್ದನ್ನು ಓದಿದ್ರಾ?

ನನ್ನ ಪ್ರಕಾರ ಒಳ್ಳೆಯ 10 ಇಂಚಿನ ಸೀಲ್ಡ್ (ತೂತಿಲ್ಲದ, ಪೂರ್ತಿ ಮುಚ್ಚಿದ ಡಬ್ಬಿ) ಸಾಕು. ಡಬ್ಬಿ ಚಿಕ್ಕದು, ಮೃದಂಗ, ಬಾಸ್ ಗಿಟಾರ್ ಸ್ಪಷ್ಟವಾಗಿ ಕೇಳುತ್ತದೆ. ಬಾಸ್ ಗಿಟಾರ್‌ನ ಅತಿ ಕೆಳಗಿನ ತಂತಿಯೇ 41 ಹರ್ಟ್ಸ್. ಹಾಡು ಕೇಳುವವರಿಗೆ 20 ಹರ್ಟ್ಸ್ ಯಾಕೆ? ಇನ್ನೊಂದು, ಪೋರ್ಟೆಡ್ ಡಬ್ಬಿಯಲ್ಲಿ ಅದನ್ನು ಟ್ಯೂನ್ ಮಾಡಿದ ಸ್ವರಕ್ಕಿಂತ ಕೆಳಗೆ ಸದ್ದು ದಢಾರನೆ ಬೀಳುತ್ತದೆ, ಆಕ್ಟೇವ್‌ಗೆ (ಅಂದರೆ ಹರ್ಟ್ಸ್ ಅರ್ಧವಾದಾಗಲೆಲ್ಲಾ) 24 ಡೆಸಿಬಲ್. ಸೀಲ್ಡ್‌ನಲ್ಲಿ 12 ಮಾತ್ರ. ಚಿಕ್ಕ ರೂಮ್ ಆದರೆ ಗೋಡೆಗಳೇ ಆ ಕೊರತೆ ತುಂಬಿಕೊಡುತ್ತವೆ.

ಬಂಗಾರಪೇಟೆ ಎಕ್ಸ್‌ಪ್ರೆಸ್:
ಚಿಕ್ಕ, ಬಾಗಿಲು ಮುಚ್ಚಿದ ರೂಮ್ ಆದರೆ ತಮ್ಮಾ! ತೆರೆದ ಹಾಲ್‌ನಲ್ಲಿ ಆ ಸಹಾಯ ಸಿಗುವುದಿಲ್ಲ. ಅವರು ಕೇಳಿರುವುದು ಸಿನಿಮಾಗೆ.

ನಂದಿ ತಪ್ಪಲು:
ಮತ್ತೆ ಓನರ್‌ಗೆ ಯಾರು ಸಮಾಧಾನ ಹೇಳ್ತಾರೆ, ನೀವು ಬಂಗಾರಪೇಟೆಯಿಂದ ಬರ್ತೀರಾ?

ಬಟವಾಡಿ ಬಾಸ್:
ಇಬ್ಬರೂ ನಿಲ್ಲಿ. 25 ಸಾವಿರದ ಮಿತಿಯಲ್ಲಿ ಕಳಪೆ 12ಕ್ಕಿಂತ ಗಟ್ಟಿ 10 ವಾಸಿ. ಆದರೆ ಈ ಹಾಲ್‌ಗೆ ನಾನೂ ಪೋರ್ಟೆಡ್ ಕಡೆಗೇ. ಸಿನಿಮಾಗೆ, ತೆರೆದ ಜಾಗಕ್ಕೆ, ಕಡಿಮೆ ದುಡ್ಡಿಗೆ ಹೆಚ್ಚು ಸದ್ದು ಅದರಲ್ಲೇ. ಓನರ್ ಸಮಸ್ಯೆ ಡಬ್ಬಿ ಬದಲಾಯಿಸಿದರೆ ಹೋಗುವುದಲ್ಲ. 40 ಹರ್ಟ್ಸ್ ಯಾವ ಡಬ್ಬಿಯಿಂದ ಬಂದರೂ ಆರ್‌ಸಿಸಿ ದಾಟಿ ಕೆಳಗೆ ಹೋಗುತ್ತದೆ.

ಸ್ಪೆಕ್ ಓದುವಾಗ ಬರೀ ‘20 ಹರ್ಟ್ಸ್‌ವರೆಗೆ’ ಅಂತ ಇದ್ದರೆ ನಂಬಬೇಡಿ. ಪಕ್ಕದಲ್ಲಿ ಪ್ಲಸ್-ಮೈನಸ್ 3 ಡೆಸಿಬಲ್ ಅಂತ ಇದ್ದರೆ ಮಾತ್ರ ಅದಕ್ಕೆ ಅರ್ಥ. ಮತ್ತೆ, ಬೆಂಗಳೂರಿಗೆ ಹೋಗಿ ಎಸ್‌ಪಿ ರೋಡ್‌ನಲ್ಲೋ ಶೋರೂಮ್‌ನಲ್ಲೋ ಕೇಳಿ ನಿರ್ಧಾರ ಮಾಡಬೇಡಿ. ಅಲ್ಲಿ ನೀವು ಕೇಳುವುದು ಆ ರೂಮ್‌ನ ಬಾಸ್. ವಾಪಸ್ ತೆಗೆದುಕೊಳ್ಳುತ್ತಾರಾ, ಸರ್ವಿಸ್ ಎಲ್ಲಿ ಸಿಗುತ್ತೆ ಅನ್ನುವುದನ್ನು ಕೇಳಿ, ಅದು ಹೆಚ್ಚು ಉಪಯೋಗ.

ಸೌಂಡ್‌ಬಾರ್ ಜೊತೆ ಬರುವ ವೈರ್‌ಲೆಸ್ ಸಬ್ ಕಡಿಮೆ ಬೆಲೆಗೆ ಸಿಕ್ಕರೂ ಬಿಟ್ಟುಬಿಡಿ. ಅದು ತನ್ನ ಸೌಂಡ್‌ಬಾರ್ ಬಿಟ್ಟು ಬೇರೆ ಯಾರ ಮಾತೂ ಕೇಳುವುದಿಲ್ಲ.

ಅಶೋಕ ರಸ್ತೆ ಸೋಲ್ಡರ್:
ಸೆಕೆಂಡ್ ಹ್ಯಾಂಡ್ ನೋಡುವುದಾದರೆ ಕೋನ್ ಸುತ್ತಲಿನ ಪಟ್ಟಿ ಬೆರಳಿಂದ ಮುಟ್ಟಿ ನೋಡಿ. ಫೋಮ್ ಆಗಿದ್ದರೆ ಹಳೆಯದು ಪುಡಿ ಉದುರುತ್ತದೆ. ರಬ್ಬರ್ ಆದರೆ ಬಾಳಿಕೆ. ಎರಡೂ ಕೈಯಿಂದ ಕೋನ್ ಸಮವಾಗಿ ಮೆಲ್ಲಗೆ ಒತ್ತಿ. ಕರಕರ ಅಂದರೆ ಕಾಯಿಲ್ ಉಜ್ಜುತ್ತಿದೆ, ಬೇಡ.

ವಿದೇಶದಿಂದ ಬಂದ ಮಾಲಾದರೆ ಹಿಂದಿನ ಲೇಬಲ್ ಓದದೆ ಪ್ಲಗ್‌ಗೆ ಕೈ ಹಾಕಬೇಡಿ. ಅಮೆರಿಕದ್ದು ಎಷ್ಟೋ 120 ವೋಲ್ಟ್ ಮಾತ್ರ. ನಮ್ಮ 230ಕ್ಕೆ ಹಾಕಿದ ತಕ್ಷಣ ಪಟ್ ಅನ್ನುತ್ತದೆ. ಇಂಥದ್ದು ನಮ್ಮ ಟೇಬಲ್‌ಗೆ ಬರುತ್ತಲೇ ಇರುತ್ತವೆ. 115/230 ಸ್ವಿಚ್ ಇದ್ದರೆ ಸರಿಯಾದ ಕಡೆ ಇದೆಯಾ ನೋಡಿ.

ಕೋಲಾರದಕ್ಕ:
ನಡುವೆ ಬಂದೆ, ಬೇಜಾರು ಮಾಡ್ಕೋಬೇಡಿ. ನಮ್ಮ ಮನೆ ಸಬ್ ಸದಾ ಗುಂಯ್ ಅನ್ನುತ್ತೆ. ಸಿನಿಮಾ ನಿಲ್ಲಿಸಿದರೂ ಗುಂಯ್. ಅಂಗಡಿಯವರು ಬಂದು ಸಬ್ ಕೆಟ್ಟಿದೆ, ಬೋರ್ಡ್ ಬದಲಾಯಿಸಬೇಕು ಅಂದ್ರು. ನಿಜಾನಾ? ಯಜಮಾನ್ರು ಮೂರು ಪಿನ್ನಿನ ದಪ್ಪ ಪಿನ್ ತೆಗೆದುಬಿಡೋಣ, ಯಾವುದೋ ವಿಡಿಯೋದಲ್ಲಿ ನೋಡಿದೆ ಅಂತಿದ್ದಾರೆ.

ಅಶೋಕ ರಸ್ತೆ ಸೋಲ್ಡರ್:
ಅಕ್ಕಾ, ಆ ಪಿನ್ ಮುಟ್ಟಲು ಬಿಡಬೇಡಿ. ಅದು ಅರ್ಥ್. ಒಳಗೆ ಏನಾದರೂ ಶಾರ್ಟ್ ಆದ ದಿನ ಜೀವ ಉಳಿಸುವುದು ಅದೇ.

ಬೋರ್ಡ್‌ಗೆ ದುಡ್ಡು ಕೊಡುವ ಮೊದಲು ಹೀಗೆ ಮಾಡಿ. ಸಬ್ ಆನ್ ಇರಲಿ, ವಾಲ್ಯೂಮ್ ಕೆಳಗಿಳಿಸಿ, ಹಿಂದಿನ ಆರ್‌ಸಿಎ ಕೇಬಲ್ ಕಿತ್ತುಬಿಡಿ. ಆಗಲೂ ಗುಂಯ್ ಅಂದರೆ ಸಬ್‌ನದ್ದೇ ದೋಷ, ಇಲ್ಲವೇ ಕರೆಂಟ್‌ನದ್ದು. ನಿಂತುಹೋದರೆ ಸಬ್ ಚೆನ್ನಾಗಿದೆ, ಗ್ರೌಂಡ್ ಲೂಪ್ ಆಗಿದೆ.

ಎರಡನೆಯದಾದರೆ ಕೇಬಲ್ ವಾಪಸ್ ಹಾಕಿ, ಸೆಟ್-ಟಾಪ್ ಬಾಕ್ಸ್ ಹಿಂದಿನ ಡಿಶ್ ಅಥವಾ ಕೇಬಲ್ ಟೀವಿ ವೈರ್ ಬಿಚ್ಚಿ ನೋಡಿ. ಆ ವೈರ್ ಕಂಬದಿಂದಲೋ ಟೆರೇಸ್‌ನಿಂದಲೋ ತನ್ನದೇ ಗ್ರೌಂಡ್ ಹೊತ್ತು ಬರುತ್ತದೆ. ಸಬ್‌ದು ಗೋಡೆಯ ಗ್ರೌಂಡ್. ಎರಡರ ನಡುವೆ ಹರಿಯುವ ಸಣ್ಣ ಕರೆಂಟೇ ನಿಮಗೆ ಕೇಳುವ 50 ಹರ್ಟ್ಸ್ ಗುಂಯ್.

ಕೋಲಾರದಕ್ಕ:
ಕೇಬಲ್ ಟೀವಿ ವೈರ್ ಬಿಚ್ಚಿದ ತಕ್ಷಣ ಪಿನ್ ಡ್ರಾಪ್ ಮೌನ! ಈಗ ಏನು ಮಾಡೋದು? ಅತ್ತೆಗೆ ಸೀರಿಯಲ್ ಬೇಕೇ ಬೇಕು.

ಅಶೋಕ ರಸ್ತೆ ಸೋಲ್ಡರ್:
ಅತ್ತೆ ಸೀರಿಯಲ್ ಬಿಡಿಸುವ ಧೈರ್ಯ ನನಗಿಲ್ಲ. ಆ ಕೋ-ಆಕ್ಸ್ ವೈರ್‌ಗೆ ಹಾಕುವ ಐಸೊಲೇಟರ್ ಸಿಗುತ್ತದೆ, ಗ್ಯಾಲ್ವನಿಕ್ ಐಸೊಲೇಟರ್ ಅಂತ ಕೇಳಿ. ಅದನ್ನು ಅಲ್ಲೇ ಹಾಕಿ. ಮೇಲಿನ ಡಿಶ್ ಇರುವವರು ಇದನ್ನು ಕಣ್ಣು ಮುಚ್ಚಿ ಹಾಕಬೇಡಿ, ಆ ವೈರ್‌ನಲ್ಲಿ ಡಿಶ್‌ನ ಎಲ್‌ಎನ್‌ಬಿಗೆ (ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಭಾಗ) ಕರೆಂಟ್ ಹೋಗಬೇಕು, ಅದು ತಡೆದರೆ ಚಾನೆಲ್ ಬರುವುದಿಲ್ಲ.

ಆರ್‌ಸಿಎ ಕೇಬಲ್ ಮಧ್ಯೆ ಹಾಕುವ ಅಗ್ಗದ ಗ್ರೌಂಡ್ ಲೂಪ್ ಐಸೊಲೇಟರ್ ಕೊಡುತ್ತಾರೆ. ಅದರೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಕೆಳಗಿನ ಬಾಸ್ ನುಂಗುತ್ತದೆ. ಗುಂಯ್ ಹೋಗುತ್ತದೆ, ಜೊತೆಗೆ ಸಬ್ ತಂದ ಉದ್ದೇಶವೂ ಹೋಗುತ್ತದೆ. ರಿಸೀವರ್ ಮತ್ತು ಸಬ್ ಒಂದೇ ಬೋರ್ಡ್‌ನಿಂದ ಕರೆಂಟ್ ತಗೊಂಡರೂ ಎಷ್ಟೋ ಕಡೆ ಕಮ್ಮಿಯಾಗುತ್ತದೆ. ಕರೆಂಟ್ ಹೋದಾಗ ಮಾತ್ರ ಗುಂಯ್ ಅನ್ನುವವರು ಇನ್ವರ್ಟರ್ ನೋಡಿ, ಸ್ಕ್ವೇರ್ ವೇವ್ ಇದ್ದರೆ ಅದೇ ಕಾರಣ.

ಕ್ಯಾತ್ಸಂದ್ರದವ:
ಅಬ್ಬಾ, ಇಷ್ಟು ವಿಷಯ! ಎಲ್ಲರಿಗೂ ಥ್ಯಾಂಕ್ಸ್. 10 ಇಂಚಿನ ಪೋರ್ಟೆಡ್ ತಂದೆ. ಬಾಸ್ ಸರ್ ಹೇಳಿದ ಹಾಗೆ ಸೆಟ್ಟಿಂಗ್ ಮಾಡಿದ್ದೇನೆ. ಟೀವಿ ಪಕ್ಕದ ಮೂಲೆಯಲ್ಲಿಟ್ಟೆ. ಆದರೆ ಒಂದು ವಿಚಿತ್ರ. ಹಿಂದಿನ ಗೋಡೆಗೆ ಒರಗಿಸಿದ ಸೋಫಾದಲ್ಲಿ ಕೂತರೆ ಎದೆಗೆ ಗುದ್ದಿದ ಹಾಗೆ ಬಾಸ್, ಎಲ್ಲ ಒಂದೇ ಥರ ಧಂ ಧಂ. ಎದ್ದು ಹಾಲ್ ಮಧ್ಯೆ ಬಂದರೆ ಬಾಸೇ ಇಲ್ಲ! ಸಬ್ ಕೆಟ್ಟಿದೆಯಾ?

ಬಟವಾಡಿ ಬಾಸ್:
ಸಬ್ ಚೆನ್ನಾಗಿದೆ. ನೀವು ಕೇಳುತ್ತಿರುವುದು ನಿಮ್ಮ ಹಾಲ್ ಅನ್ನು.

40 ಹರ್ಟ್ಸ್‌ನ ಒಂದು ಅಲೆ ಸುಮಾರು 28 ಅಡಿ ಉದ್ದ. ಅದು ನಿಮ್ಮ ಹಾಲ್‌ನಲ್ಲಿ ಹಿಡಿಸುವುದೇ ಇಲ್ಲ, ಗೋಡೆಗೆ ಬಡಿದು ವಾಪಸ್ ಬಂದು ತನ್ನ ಜೊತೆ ತಾನೇ ಸೇರುತ್ತದೆ. ಉದ್ದದ ತೊಟ್ಟಿಯ ನೀರನ್ನು ಒಂದೇ ಲಯದಲ್ಲಿ ತೂಗಾಡಿಸಿದರೆ ಎರಡು ತುದಿಯಲ್ಲಿ ಏರಿಳಿತ, ನಡುವೆ ಮಟ್ಟ ಹಾಗೇ ಇರುತ್ತದಲ್ವಾ, ಅದೇ ಥರ. 15 ಅಡಿ ಉದ್ದದ ಹಾಲ್‌ನಲ್ಲಿ ಇದು ಸುಮಾರು 37 ಹರ್ಟ್ಸ್‌ಗೆ ಆಗುತ್ತದೆ. ಲೆಕ್ಕ ಸುಲಭ: ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್, ಅದನ್ನು ಹಾಲ್ ಉದ್ದದ ಎರಡರಷ್ಟರಿಂದ ಭಾಗಿಸಿ. ಗೋಡೆಗೆ ಅಂಟಿ ಕೂತವರಿಗೆ ಅತಿ ಜೋರು, ನಟ್ಟನಡುವೆ ಇರುವವರಿಗೆ ಆ ಸ್ವರ ಸೊನ್ನೆ. ಅಗಲದ 12 ಅಡಿಗೆ 47 ಹರ್ಟ್ಸ್ ಬರುತ್ತದೆ, ಆದರೆ ಆ ಕಡೆ ಗೋಡೆ ಅರ್ಧ ತೆರೆದಿರುವುದರಿಂದ ಅಷ್ಟು ಕಾಟ ಕೊಡುವುದಿಲ್ಲ.

ಮೂಲೆಯಲ್ಲಿಟ್ಟರೆ ಇಂಥ ಸ್ವರಗಳೆಲ್ಲಾ ಒಟ್ಟಿಗೆ ಎದ್ದೇಳುತ್ತವೆ. ಮೊದಲು ಸೋಫಾ ಒಂದೂವರೆ ಅಡಿ ಮುಂದಕ್ಕೆ ಎಳೆಯಿರಿ. ಆಮೇಲೆ ಸಬ್‌ಗೆ ಸರಿಯಾದ ಜಾಗ ಹುಡುಕಿ. ಸಬ್ ಅನ್ನೇ ಎತ್ತಿ ನೀವು ಕೂರುವ ಜಾಗದಲ್ಲಿ ಇಡಿ. ಬಾಸ್ ಜಾಸ್ತಿ ಇರುವ, ಬೇರೆ ಬೇರೆ ಸ್ವರ ಬರುವ ಹಾಡು ಹಾಕಿ. ಈಗ ನೀವು ಸಬ್ ಇಡಲು ಆಗುವ ಜಾಗಗಳಲ್ಲೆಲ್ಲಾ ಮಂಡಿಯೂರಿ, ಕಿವಿ ಸಬ್ ಎತ್ತರಕ್ಕೆ ತಂದು ಕೇಳುತ್ತಾ ಹೋಗಿ. ಎಲ್ಲಿ ಪ್ರತಿ ಸ್ವರವೂ ಬೇರೆಬೇರೆಯಾಗಿ, ಸಮವಾಗಿ ಕೇಳುತ್ತದೋ ಅಲ್ಲಿ ಸಬ್ ಇಡಿ. ಎಲ್ಲಿ ಜೋರಾಗಿ ಕೇಳುತ್ತೆ ಅಂತ ಅಲ್ಲ, ಎಲ್ಲಿ ಸಮವಾಗಿ ಕೇಳುತ್ತೆ ಅಂತ ನೋಡಿ.

ಮನೆಯವರು ನೋಡಿ ನಗುತ್ತಾರೆ. ನಗಲಿ.

ಚಿಂತಾಮಣಿ ಶೀಟ್ ಮನೆ:
ನಮ್ಮದು ಮೇಲಿನ ರೂಮ್, ಶೀಟ್ ಹೊದಿಸಿದ್ದು. ಸಬ್ ಆನ್ ಮಾಡಿದರೆ ಶೀಟ್ ಗಡಗಡ. ಸಿನಿಮಾದಲ್ಲಿ ಮಳೆ ಬರುತ್ತಿದೆಯೋ ಊರಲ್ಲಿ ಬರುತ್ತಿದೆಯೋ ಗೊತ್ತಾಗಲ್ಲ.

ಬಟವಾಡಿ ಬಾಸ್:
ಫೋನ್‌ನಲ್ಲಿ ಟೋನ್ ಜನರೇಟರ್ ಆಪ್ ಹಾಕಿ, ರಿಸೀವರ್ ಮೂಲಕ 30ರಿಂದ 80ರವರೆಗೆ ನಿಧಾನ ಏರಿಸಿ. ಯಾವ ನಂಬರ್‌ಗೆ ಯಾವ ಶೀಟ್ ಅದುರುತ್ತೆ ಅಂತ ಸಿಗುತ್ತದೆ. ಸಡಿಲ ಇರುವ ಬೋಲ್ಟ್‌ಗೆ ರಬ್ಬರ್ ವಾಷರ್ ಕೊಟ್ಟು ಬಿಗಿ ಮಾಡಿಸಿ. ಶೋಕೇಸ್ ಗಾಜು, ಕಿಟಕಿ ಕೊಂಡಿಗೂ ಇದೇ ಮದ್ದು.

ಕ್ಯಾತ್ಸಂದ್ರದವ:
ಮಂಡಿಯೂರಿ ಹುಡುಕಿದೆ. ಪಕ್ಕದ ಗೋಡೆಯಲ್ಲಿ, ಮುಂದಿನ ಮೂಲೆಯಿಂದ ಸುಮಾರು ನಾಲ್ಕಡಿ ದೂರದಲ್ಲಿ ಚೆನ್ನಾಗಿ ಕೇಳಿತು. ದೇವರ ಮನೆಗೂ ಅಡ್ಡ ಇಲ್ಲ. ಧಂ ಧಂ ಹೋಗಿ ತಮಟೆ ಬೇರೆ, ಡೊಳ್ಳು ಬೇರೆ ಕೇಳುತ್ತಿದೆ.

ಆಟೋ ಸೆಟಪ್ ಮತ್ತೆ ಓಡಿಸಿದೆ. ಎರಡು ಅನುಮಾನ. ಸಬ್ ನಿಜಕ್ಕೂ 9 ಅಡಿ ದೂರ ಇದೆ, ರಿಸೀವರ್ 14 ಅಡಿ ಅಂತ ತೋರಿಸುತ್ತಿದೆ. ಸರಿ ಮಾಡಲಾ? ಸಬ್ ಲೆವೆಲ್ ಮೈನಸ್ 12 ಅಂತ ಬಂದಿದೆ. ಕೆಲವೊಮ್ಮೆ ಸಿನಿಮಾ ಶುರುವಾದರೂ ಸಬ್ ನಿದ್ದೆಯಿಂದ ಏಳುವುದೇ ಇಲ್ಲ.

ಬಟವಾಡಿ ಬಾಸ್:
ದೂರ ಮುಟ್ಟಬೇಡಿ. ಸಬ್‌ನ ಒಳಗಿನ ಎಲೆಕ್ಟ್ರಾನಿಕ್ಸ್ ಸಿಗ್ನಲ್ ಅನ್ನು ಒಂಚೂರು ತಡ ಮಾಡುತ್ತದೆ. ರಿಸೀವರ್ ಅಳೆಯುವುದು ಟೇಪ್ ಹಿಡಿದಲ್ಲ, ಸದ್ದು ಬಂದ ಹೊತ್ತು ನೋಡಿ. ಆ ತಡವನ್ನೂ ಅಡಿಯಲ್ಲಿ ಸೇರಿಸಿ ಹೇಳುತ್ತಿದೆ.

ಮೈನಸ್ 12 ಮಾತ್ರ ಸರಿಯಿಲ್ಲ. ಅದು ರಿಸೀವರ್ ಇಳಿಸಬಹುದಾದ ಕೊನೆ. ಸಬ್ ವಾಲ್ಯೂಮ್ ಜಾಸ್ತಿ ಇರುವುದರಿಂದ ರಿಸೀವರ್ ಸಿಗ್ನಲ್ ಅನ್ನು ತೀರಾ ಸಣ್ಣ ಮಾಡಿದೆ, ಅಷ್ಟು ಸಣ್ಣದಕ್ಕೆ ಸಬ್‌ನ ಆಟೋ-ಆನ್ ಎಚ್ಚರವಾಗುವುದಿಲ್ಲ. ಸಬ್ ಹಿಂದಿನ ಗುಂಡಿ ಇಳಿಸಿ ಮತ್ತೆ ಅಳೆಯಿರಿ. ಮೈನಸ್ 5ರ ಆಸುಪಾಸು ಬಂದರೆ ಎರಡೂ ಸಮಸ್ಯೆ ಮುಗಿಯಿತು. ಆಮೇಲೆ ರುಚಿಗೆ ತಕ್ಕಂತೆ ಎರಡು ಮೂರು ಡೆಸಿಬಲ್ ಏರಿಸಿಕೊಳ್ಳಿ, ಬೇಡ ಅನ್ನುವವರು ನನಗಿನ್ನೂ ಸಿಕ್ಕಿಲ್ಲ.

ಫೇಸ್‌ಗೆ: 80 ಹರ್ಟ್ಸ್ ಟೋನ್ ಹಾಕಿ ನೀವು ಸೋಫಾದಲ್ಲಿ ಕೂತಿರಿ, ಇನ್ನೊಬ್ಬರು 0 ಮತ್ತು 180 ಬದಲಾಯಿಸಲಿ. ಯಾವುದರಲ್ಲಿ ಜೋರೋ ಅದು ಸರಿ.

ನಂದಿ ತಪ್ಪಲು:
ಓನರ್ ಏನಂದ್ರು ಅದನ್ನು ಹೇಳಿ ಮೊದಲು.

ಕ್ಯಾತ್ಸಂದ್ರದವ:
ಏನೂ ಅಂದಿಲ್ಲ, ಆದರೆ ಮೆಟ್ಟಿಲಲ್ಲಿ ಸಿಕ್ಕಾಗ ‘ಭಾನುವಾರ ಗುಡುಗು ಜೋರಾಗಿತ್ತು ಅಲ್ವಾ’ ಅಂದರು.

ನಂದಿ ತಪ್ಪಲು:
ಅದು ಅಂದಿದ್ದೇ ಸ್ವಾಮಿ! ಸಬ್ ಕೆಳಗೆ ದಪ್ಪ ರಬ್ಬರ್ ಪಾದ ಅಥವಾ ಗಟ್ಟಿ ಫೋಮ್ ಹಾಕಿ. ನೆಲಕ್ಕೆ ನೇರ ಇಳಿಯುವ ಅದುರು ಕಡಿಮೆಯಾಗುತ್ತೆ. ಗಾಳಿಯಲ್ಲಿ ಹೋಗುವುದು ಹಾಗೇ ಇರುತ್ತೆ, ಅದಕ್ಕೆ ರಾತ್ರಿ ಒಂಬತ್ತರ ಮೇಲೆ ಸಬ್ ಲೆವೆಲ್ ಐದಾರು ಡೆಸಿಬಲ್ ಇಳಿಸಿ. ಡೆನಾನ್‌ನಲ್ಲಿ ಡೈನಾಮಿಕ್ ಈಕ್ಯೂ ಅಂತಿದೆ. ಕಡಿಮೆ ವಾಲ್ಯೂಮ್‌ನಲ್ಲಿ ಕಿವಿಗೆ ಬಾಸ್ ಕಮ್ಮಿ ಕೇಳುತ್ತೆ ಅಂತ ಅದು ತಾನಾಗಿ ಬಾಸ್ ಏರಿಸುತ್ತೆ. ಹಗಲು ಇರಲಿ, ರಾತ್ರಿ ಆಫ್.

ಕ್ಯಾತ್ಸಂದ್ರದವ:
ಸರಿ, ಮಾಡ್ತೀನಿ. ಕೊನೆಯದೊಂದು. ಪೆನ್ ಡ್ರೈವ್ ಸಿನಿಮಾ, ಟೀವಿ ಆಪ್ ಎರಡರಲ್ಲೂ ರಿಸೀವರ್ ಡಿಸ್‌ಪ್ಲೇ ಬರೀ ಸ್ಟೀರಿಯೋ ಅಂತ ತೋರಿಸುತ್ತೆ. ಸಬ್‌ನಲ್ಲಿ ಸದ್ದು ಬರುತ್ತೆ, ಆದರೆ ಸ್ಫೋಟದ ಸೀನ್‌ಗಳು ಸಪ್ಪೆ. ಟೀವಿಯಿಂದ ಆಪ್ಟಿಕಲ್ ಕೇಬಲ್ ಹಾಕಿದ್ದೇನೆ.

ಬಟವಾಡಿ ಬಾಸ್:
ಟೀವಿಯ ಸೌಂಡ್ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ ಪಿಸಿಎಂ ಅಂತ ಇರುತ್ತದೆ. ಆಪ್ಟಿಕಲ್‌ನಲ್ಲಿ ಪಿಸಿಎಂ ಅಂದರೆ ಎರಡೇ ಚಾನೆಲ್. ಟೀವಿ 5.1 ಅನ್ನು ಎರಡಕ್ಕೆ ಕುಗ್ಗಿಸುವಾಗ ಸಾಮಾನ್ಯವಾಗಿ ‘.1’ ಚಾನೆಲ್ ಅನ್ನು ಎಸೆದುಬಿಡುತ್ತದೆ. ಈಗ ನಿಮ್ಮ ಸಬ್‌ಗೆ ಸಿಗುತ್ತಿರುವುದು ಫ್ರಂಟ್ ಸ್ಪೀಕರ್‌ಗಳಿಂದ ಉಳಿದದ್ದು ಮಾತ್ರ. ಬಿಟ್‌ಸ್ಟ್ರೀಮ್ ಅಥವಾ ಡಾಲ್ಬಿ ಡಿಜಿಟಲ್ ಅಂತ ಬದಲಾಯಿಸಿ. ಟೀವಿ ಮತ್ತು ರಿಸೀವರ್ ಎರಡರಲ್ಲೂ ಎಆರ್‌ಸಿ ಅಂತ ಬರೆದ ಎಚ್‌ಡಿಎಂಐ ಸಾಕೆಟ್ ಇದ್ದರೆ ಆಪ್ಟಿಕಲ್ ಬಿಟ್ಟು ಅದನ್ನೇ ಬಳಸಿ, ಒಂದೇ ರಿಮೋಟ್‌ನಲ್ಲಿ ವಾಲ್ಯೂಮ್ ಕೂಡ ಆಗುತ್ತೆ.

ಕ್ಯಾತ್ಸಂದ್ರದವ:
ಪಿಸಿಎಂ ಅಂತಲೇ ಇತ್ತು. ಬದಲಾಯಿಸಿದೆ, ಡಿಸ್‌ಪ್ಲೇಯಲ್ಲಿ ಡಾಲ್ಬಿ ಡಿಜಿಟಲ್ ಬಂತು. ಟೀವಿ ಆಪ್ ಸರಿಯಾಯಿತು. ಪೆನ್ ಡ್ರೈವ್‌ನಲ್ಲಿ ಎರಡು ಸಿನಿಮಾ ಮಾತ್ರ ಇನ್ನೂ ಸ್ಟೀರಿಯೋ.

ಬಟವಾಡಿ ಬಾಸ್:
ಆ ಎರಡರ ಫೈಲ್‌ನಲ್ಲೇ ಸ್ಟೀರಿಯೋ ಟ್ರ್ಯಾಕ್ ಇರಬೇಕು. ಆಡಿಯೋ ಟ್ರ್ಯಾಕ್ ಬಟನ್ ಒತ್ತಿ, ಇನ್ನೊಂದು ಟ್ರ್ಯಾಕ್ ಇದೆಯಾ ನೋಡಿ.